ಸ್ಪಷ್ಟನೆ: ಬಾರ್ಬಡೋಸ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ ಹೆದರಿ ಸೋಲಲಿಲ್ಲ

"2024ರ ಟಿ20 ವಿಶ್ವಕಪ್ ಫೈನಲ್‌ನ ಕೊನೆಯ ಓವರ್‌ಗೆ ಬರೀ 6 ರನ್ ಬೇಕಿತ್ತು, ದಕ್ಷಿಣ ಆಫ್ರಿಕಾ ಹೆದರಿ ಕೈಚೆಲ್ಲಿತು" ಎಂಬ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಬೇಕಿದ್ದದ್ದು 16 ರನ್.

ಸ್ಕೋರ್‌ಕಾರ್ಡ್ ನೋಡಿ. ಭಾರತ 176/7. ಹದಿನೈದು ಓವರ್ ಮುಗಿದಾಗ ದಕ್ಷಿಣ ಆಫ್ರಿಕಾ 147/4, ಅಂದರೆ 30 ಎಸೆತಕ್ಕೆ 30. ಆಮೇಲೆ ಬುಮ್ರಾ 16ನೇ ಓವರ್‌ನಲ್ಲಿ ಕೊಟ್ಟಿದ್ದು 4. 17ನೇ ಓವರ್‌ನ ಮೊದಲ ಎಸೆತದಲ್ಲೇ 27 ಎಸೆತಕ್ಕೆ 52 ಹೊಡೆದಿದ್ದ ಕ್ಲಾಸೆನ್ ಅವರನ್ನು ಹಾರ್ದಿಕ್ ಔಟ್ ಮಾಡಿದರು. ಆ ಓವರ್‌ನಲ್ಲೂ 4. ಬುಮ್ರಾ ಮತ್ತೆ ಬಂದು 2 ರನ್, ಯಾನ್ಸೆನ್ ವಿಕೆಟ್. ಅರ್ಶ್‌ದೀಪ್ 19ನೇ ಓವರ್‌ನಲ್ಲಿ 4. ಹೀಗೆ ಕೊನೆಯ ಓವರ್‌ಗೆ ಉಳಿದದ್ದು 16. ಕೊನೆಯ ಓವರ್‌ನ ಮೊದಲ ಎಸೆತಕ್ಕೇ ಮಿಲ್ಲರ್ ಔಟ್, ಬೌಂಡರಿಯಲ್ಲಿ ಸೂರ್ಯಕುಮಾರ್ ಹಿಡಿದ ಕ್ಯಾಚ್. ಭಾರತದ ಗೆಲುವು 7 ರನ್‌ನಿಂದ.

ಇಂಥ ಬೌಲಿಂಗ್ ಎದುರು ಸೋತವರನ್ನು ಹೇಡಿಗಳೆಂದರೆ ನಮ್ಮವರ ಸಾಧನೆಯೂ ಸಣ್ಣದಾಗುತ್ತದೆ. ಅವರು ಆ ಟೂರ್ನಿಯ ಎಂಟೂ ಪಂದ್ಯ ಗೆದ್ದು ಫೈನಲ್‌ಗೆ ಬಂದಿದ್ದವರು. ಸಂಭ್ರಮ ಧಾರಾಳವಾಗಿರಲಿ. ಈ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಗ್ರೂಪ್‌ಗೆ ಹಾಕಿದ್ದರೆ ಅಳಿಸಿ, ಸರಿಯಾದ ಅಂಕಿ ಹಾಕಿ.