ಮಾತ್ರೆ ಬಿಟ್ರಾ ಅಂತ ಇನ್ನೊಂದು ಸಲ ಕೇಳಬೇಡಿ

ಕೋವಿಡ್ ಕಾಲದಲ್ಲಿ ನಾನು ಮನೋರೋಗ ವಾರ್ಡಿಗೆ ಮತ್ತೆ ಮತ್ತೆ ಅಡ್ಮಿಟ್ ಆದೆ. ಹೋದಾಗಲೆಲ್ಲ ಮಾಸ್ಕಿನ ಹಿಂದಿನಿಂದ ಬರುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಮಾತ್ರೆ ಬಿಟ್ರಾ?" ಬಿಟ್ಟಿರಲಿಲ್ಲ ಸ್ವಾಮಿ. ಒಂದು ಹೊತ್ತೂ ಬಿಟ್ಟಿರಲಿಲ್ಲ. ಬಿಟ್ಟಿಲ್ಲ ಅಂದರೆ ಪಕ್ಕದಲ್ಲಿದ್ದವರ ಮುಖ ನೋಡುತ್ತಿದ್ದರು, ಇವರು ಹೇಳುತ್ತಿರುವುದು ನಿಜವಾ ಅಂತ. ವರ್ಷಗಳಾದರೂ ಆ ಸಿಟ್ಟು ಇಳಿದಿಲ್ಲ.

ನನಗಿರುವುದು ಬೈಪೋಲಾರ್, ಮನಸ್ಸು ಒಮ್ಮೆ ಮಿತಿ ಮೀರಿ ಏರುವ, ಒಮ್ಮೆ ಪಾತಾಳಕ್ಕೆ ಇಳಿಯುವ ಕಾಯಿಲೆ. ಈ ಕಾಯಿಲೆ ಬರೀ ಮಾತ್ರೆಯಿಂದ ಹಿಡಿತಕ್ಕೆ ಬರುವುದಿಲ್ಲ ಅಂತ ಹೇಳಿಕೊಟ್ಟವರೇ ಈ ಡಾಕ್ಟರುಗಳು. ಹೊತ್ತಿಗೆ ಸರಿಯಾಗಿ ಮಲಗಬೇಕು, ಎದ್ದು ಹೊರಗೆ ಹೋಗಬೇಕು, ಕೆಲಸ ಇರಬೇಕು, ನಾಲ್ಕು ಜನರ ಜೊತೆ ಮಾತಿರಬೇಕು. ನಿದ್ದೆ ಕೆಟ್ಟರೆ ಮೇನಿಯಾ, ಅಂದರೆ ಆ ಮಿತಿ ಮೀರಿದ ಏರು, ಬಂತು ಅಂತಲೇ ಲೆಕ್ಕ, ಎರಡು ಮೂರು ರಾತ್ರಿ ಸಾಕು. 2020ರ ಮಾರ್ಚ್ ಬಂತು. ಕೆಲಸ ನಿಂತಿತು, ಹೊರಗೆ ಕಾಲಿಡುವ ಹಾಗಿಲ್ಲ, ಹಗಲು ಹೋಗಿ ಕೂರುತ್ತಿದ್ದ ಡೇ ಕೇರ್ ಬೀಗ ಹಾಕಿತು, ವಾರದ ಗುಂಪು ಚಿಕಿತ್ಸೆ ರದ್ದು. ರಾತ್ರಿಯಿಡೀ ಟಿವಿಯಲ್ಲಿ ಸಾವಿನ ಲೆಕ್ಕ. ನನ್ನನ್ನು ನೆಟ್ಟಗೆ ನಿಲ್ಲಿಸಿದ್ದ ಒಂದೊಂದನ್ನೂ ಕಿತ್ತುಕೊಂಡು, ಉಳಿದ ಒಂದು ಮಾತ್ರೆಯ ಮೇಲೆ ಪೂರ್ತಿ ಭಾರ ಹಾಕಿ, ಬಿದ್ದಾಗ ಮಾತ್ರೆ ಬಿಟ್ರಾ ಅಂತ ಕೇಳುವುದು ಯಾವ ನ್ಯಾಯ?

ಆ ಮಾತ್ರೆಯ ಕಥೆಯನ್ನೂ ಕೇಳಿ. ಅದರ ಹೆಸರು ಲಿಥಿಯಂ, ಅದನ್ನು ತಿನ್ನುವವರಿಗೆ ರಕ್ತ ಪರೀಕ್ಷೆ ತಪ್ಪಬಾರದು. ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಸ್ವಲ್ಪ ಜಾಸ್ತಿಯಾದರೆ ಅದೇ ವಿಷ. ಜ್ವರ, ವಾಂತಿ, ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದರೂ ರಕ್ತದಲ್ಲಿ ಲಿಥಿಯಂ ಏರಿಬಿಡುತ್ತದೆ. ಜಗತ್ತಿಗೆಲ್ಲ ಜ್ವರ ಬಂದ ಕಾಲವದು. ಆದರೆ ಪರೀಕ್ಷೆಗೆ ಫೋನ್ ಮಾಡಿದರೆ, "ತುರ್ತು ಇಲ್ಲದಿದ್ದರೆ ಈಗ ಬರಬೇಡಿ, ಅದೇ ಡೋಸ್ ಮುಂದುವರಿಸಿ." ಕೈ ನಡುಗುತ್ತಿದೆ ಅಂದರೆ, "ಟೆನ್ಷನ್ ಇರಬಹುದು." ತುರ್ತು ಹೌದೋ ಅಲ್ಲವೋ ಅಂತ ಗೊತ್ತಾಗುವುದೇ ಆ ಪರೀಕ್ಷೆಯಿಂದ ಅಲ್ವಾ? ಅವರೇ ಕಲಿತ ವಿದ್ಯೆ, ನಾನು ಹೇಳಿಕೊಡಬೇಕಿತ್ತು.

ಅಡ್ಮಿಟ್ ಆದ ಮೇಲೆ ಇನ್ನೊಂದು. ಮೂಗಿನಿಂದ ಸ್ವಾಬ್ ತೆಗೆದು, ರಿಪೋರ್ಟ್ ಬರುವ ತನಕ ಒಂಟಿ ಕೋಣೆ. ಸೋಂಕು ಹರಡಬಾರದು, ಸರಿ, ಒಪ್ಪುತ್ತೇನೆ. ಆದರೆ ತಲೆ ಓಡುತ್ತಲೇ ಇರುವ ಮನುಷ್ಯನನ್ನು ಒಬ್ಬನೇ ನಾಲ್ಕು ಗೋಡೆ ನೋಡಿಕೊಂಡಿರು ಅಂದರೆ ಏನಾಗುತ್ತದೆ ಅಂತ ಮನೋರೋಗದ ಆಸ್ಪತ್ರೆಗೇ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು? ಪಕ್ಕದ ಕೋಣೆಯಲ್ಲಿದ್ದವರಿಗೆ ಯಾರೋ ತನ್ನ ಮೇಲೆ ವಿಷ ಬಿಡುತ್ತಿದ್ದಾರೆ ಅನ್ನುವ ಭ್ರಮೆ. ಒಳಗೆ ಬರುವವರೆಲ್ಲ ತಲೆಯಿಂದ ಕಾಲಿನ ತನಕ ಪಿಪಿಇ ಕಿಟ್ ಹಾಕಿಕೊಂಡು, ಔಷಧಿ ಸಿಂಪಡಿಸುತ್ತಾ ಬರುತ್ತಿದ್ದರು. ಪಾಪ, ಅವರ ಭ್ರಮೆಗೆ ಸಾಕ್ಷಿಯನ್ನು ಆಸ್ಪತ್ರೆಯವರೇ ದಿನಾ ಒದಗಿಸುತ್ತಿದ್ದರು.

ಮನೆಯವರು ಬರುವ ಹಾಗಿಲ್ಲ. ಗುಂಪಾಗಿ ಕೂರುವ ಹಾಗಿಲ್ಲ. ಕೈಗೆ ಕೆಲಸ ಕೊಡುತ್ತಿದ್ದ ಕೋಣೆಗೆ ಬೀಗ. ಹಾಸಿಗೆ, ಮಾತ್ರೆ, ಮತ್ತೆ ಹಾಸಿಗೆ. ಇದಕ್ಕೆ ಚಿಕಿತ್ಸೆ ಅಂತ ಹೆಸರು.

ಆಮೇಲೆ ಡಿಸ್ಚಾರ್ಜ್. ನನಗೆ ಇದರ ಮೇಲಿರುವಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಇಲ್ಲ. ಲಿಥಿಯಂ ಮೇನಿಯಾವನ್ನು ಇಳಿಸಲು ವಾರಗಟ್ಟಲೆ ಬೇಕು. ಮಾತ್ರೆ ನನ್ನನ್ನು ಹಿಡಿತಕ್ಕೆ ತರುವ ಮೊದಲೇ "ಇಲ್ಲಿದ್ದರೆ ನಿಮಗೂ ಸೋಂಕು ತಗುಲುತ್ತೆ, ಮನೆಯಲ್ಲೇ ಕ್ಷೇಮ" ಅಂತ ಕಳಿಸುತ್ತಿದ್ದರು. ಕೆಡವಿದ್ದೇ ಆ ಮನೆವಾಸ. ಮನೋರೋಗ ವಾರ್ಡಿನಿಂದ ಹೊರಬಂದ ಮೊದಲ ಕೆಲವು ವಾರಗಳೇ ಜೀವಕ್ಕೆ ಅತಿ ಅಪಾಯದ ದಿನಗಳು ಅನ್ನುವುದು ಈ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಹಾಗಿದ್ದೂ ಕೈಗೆ ಚೀಟಿ ಕೊಟ್ಟು, ಫೋನ್ ಮಾಡ್ತೀವಿ ಅಂದರು.

ಫೋನ್ ಬಂತು, ಇಲ್ಲ ಅನ್ನುವುದಿಲ್ಲ. "ಹೇಗಿದ್ದೀರಿ?" ಅಂತ ಕೇಳಿದರು. ಮೇನಿಯಾ ಏರುತ್ತಿರುವವರನ್ನು ಹೇಗಿದ್ದೀರಿ ಅಂತ ಕೇಳಿದರೆ ಏನು ಹೇಳುತ್ತಾರೆ? ಜೀವನದಲ್ಲೇ ಇಷ್ಟು ಚೆನ್ನಾಗಿರಲಿಲ್ಲ ಅನ್ನುತ್ತಾರೆ! ನಾನೂ ಅದನ್ನೇ ಹೇಳಿದೆ. "ತುಂಬಾ ಸಂತೋಷ" ಅಂತ ಫೋನ್ ಇಟ್ಟರು. ಎದುರಿಗೆ ಕೂತಿದ್ದರೆ ನನ್ನ ಕಣ್ಣು, ನಿಲ್ಲದ ಕಾಲು, ಎರಡು ದಿನದಿಂದ ಬದಲಾಗದ ಬಟ್ಟೆ ನೋಡಿ ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದರು. ಫೋನಿನಲ್ಲಿ ಎಲ್ಲವೂ ಚೆನ್ನಾಗಿತ್ತು. ಸ್ವಲ್ಪ ದಿನಕ್ಕೆ ಮತ್ತೆ ಅದೇ ವಾರ್ಡು, ಅದೇ ಸ್ವಾಬು, ಅದೇ ಪ್ರಶ್ನೆ. ಕೇಸ್ ಶೀಟಿನಲ್ಲಿ ಬರೆದಿದ್ದೇನು ಗೊತ್ತಾ? ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದು ಅನುಮಾನ.

ಇದು ನನ್ನೊಬ್ಬರ ಗೋಳಲ್ಲ. 2020ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಸಮೀಕ್ಷೆ ಹೊರತಂದಿತ್ತು. 130 ದೇಶಗಳನ್ನು ಕೇಳಿದಾಗ ಶೇ 93ರಷ್ಟು ದೇಶಗಳಲ್ಲಿ ಮಾನಸಿಕ ಆರೋಗ್ಯದ ಮುಖ್ಯ ಸೇವೆಗಳು ನಿಂತಿದ್ದವು, ಇಲ್ಲವೇ ಅಡ್ಡಿಯಾಗಿದ್ದವು. ಅಷ್ಟೂ ದೇಶಗಳ ರೋಗಿಗಳು ಒಟ್ಟಿಗೆ ಮಾತ್ರೆ ಬಿಟ್ಟಿದ್ದರೇನು?

"ಎಲ್ಲರಿಗೂ ಕಷ್ಟ ಇತ್ತು, ಸಿಬ್ಬಂದಿಯೂ ಒದ್ದಾಡಿದ್ದಾರೆ" ಅನ್ನುವವರು ಬರುತ್ತಾರೆ, ಗೊತ್ತು. ಹೌದು, ಒದ್ದಾಡಿದ್ದಾರೆ. ರಾತ್ರಿ ಪಾಳಿಯ ನರ್ಸ್ ಒಬ್ಬರು ಆ ಕಿಟ್ಟಿನೊಳಗೆ ಬೆವರುತ್ತಾ ನನ್ನ ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾಯಿಲೆ ಮರುಕಳಿಸಲು ತಾವು ಮುಚ್ಚಿದ ಬಾಗಿಲುಗಳೂ ಕಾರಣ ಅಂತ ಒಂದು ಸಾಲು ಬರೆಯದೆ, ಅಷ್ಟನ್ನೂ ರೋಗಿಯ ತಲೆಗೆ ಕಟ್ಟಿದವರ ಮೇಲೆ ಸಿಟ್ಟು. ಮಾತ್ರೆ ತೆಗೆದುಕೊಳ್ಳುವುದು ಅನುಮಾನ ಅನ್ನುವ ಸಾಲು ಮಾತ್ರ ಈಗಲೂ ನನ್ನ ಫೈಲಿನಲ್ಲಿದೆ. ಹೊಸ ಡಾಕ್ಟರ್ ಬಂದರೆ ಮೊದಲು ಅದನ್ನೇ ಓದುತ್ತಾರೆ. ತೆಗೆಸಿ ಅಂತ ಅರ್ಜಿ ಕೊಟ್ಟೆ, ಹಳೆಯ ದಾಖಲೆ ತಿದ್ದುವ ಹಾಗಿಲ್ಲ ಅಂದರು. ಹಾಗಾದರೆ ಅದರ ಕೆಳಗೆ ನನ್ನ ಮಾತನ್ನೂ ಸೇರಿಸಿ ಅಂದೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.