ಹೋಗುವಾಗ ವಿಮಾನ, ಬರುವಾಗ ಹಡಗು

ಅಂಡಮಾನ್‌ನಲ್ಲಿರುವ ನಮ್ಮ ಕಡೆಯವರಿಗೆ ಊರಿಗೆ ಹೋಗಲು ಹಡಗು ಅಂದರೆ ನಗು. ಕಲಬುರಗಿಯಲ್ಲಿ ನಮ್ಮ ಕಾಕಾ ಕೂಡ, "ಮೂರು ದಿನ ನೀರಾಗ ಕುಂತು ಏನ್ ಮಾಡ್ತೀಪಾ?" ಅಂತಾರೆ.

ಪೋರ್ಟ್ ಬ್ಲೇರ್‌ನಿಂದ (ಈಗ ಅದರ ಹೆಸರು ಶ್ರೀ ವಿಜಯ ಪುರಂ) ಚೆನ್ನೈಗೆ ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹಡಗಿನಲ್ಲಿ ಸುಮಾರು 1,200 ಕಿಲೋಮೀಟರ್, ಹತ್ತಿರ ಹತ್ತಿರ ಮೂರು ದಿನ. ಆದರೆ ವಿಮಾನ ನಮ್ಮನ್ನು ಮನೆ ಮುಂದೆ ಇಳಿಸುವುದಿಲ್ಲ ಅಲ್ವಾ? 2019ರಲ್ಲಿ ಕಲಬುರಗಿಗೂ ವಿಮಾನ ನಿಲ್ದಾಣ ಬಂತು. ಅದನ್ನು ನಂಬಿ ಟಿಕೆಟ್ ಜೋಡಿಸುವ ಧೈರ್ಯ ನನಗಿಲ್ಲ. ಹೇಗೆ ಬಂದರೂ ಚೆನ್ನೈನಲ್ಲಿ ಮುಂಬೈ ಕಡೆಯ ರೈಲು ಹತ್ತಬೇಕು. ಒಂದು ರಾತ್ರಿ ಕಳೆದರೆ ರಾಯಚೂರು, ಯಾದಗಿರಿ, ವಾಡಿ, ಆಮೇಲೆ ನಮ್ಮೂರು.

ಹಾಗಂತ ಹೋಗುವಾಗ ನಾನು ಹಡಗು ಹತ್ತುವುದಿಲ್ಲ. ಅದು ದಿನಾ ಇರುವುದಿಲ್ಲ, ತಾರೀಕೂ ಆಗಾಗ ಬದಲಾಗುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರು ನಮಗಾಗಿ ಕಾಯುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರಂತೂ ಮಾತೇ ಇಲ್ಲ, ದುಡ್ಡು ಎಷ್ಟಾದರೂ ವಿಮಾನವೇ.

ಬರುವಾಗಿನ ಮಾತೇ ಬೇರೆ. ವಿಮಾನದಲ್ಲಿ ಸಾಮಾನ್ಯವಾಗಿ ಲಗೇಜು 15 ಕೆಜಿ. ಅವ್ವ ಕಟ್ಟಿಕೊಡುವ ತೊಗರಿಬೇಳೆ, ಜೋಳದ ಹಿಟ್ಟು, ಶೇಂಗಾ ಹಿಂಡಿಗೇ (ಅಂದರೆ ಶೇಂಗಾ ಚಟ್ನಿಪುಡಿ) ಅದು ಮುಗಿಯುತ್ತದೆ. ಬಟ್ಟೆ ಎಲ್ಲಿ ಇಡುವುದು? ಖಡಕ್ ರೊಟ್ಟಿಯನ್ನು ಲಗೇಜಿಗೆ ಹಾಕಿದರೆ ಇಳಿಯುವ ಹೊತ್ತಿಗೆ ಪುಡಿ. ಹಡಗಿನಲ್ಲಿ ಗಂಟು ನಾವು ಮಲಗುವ ಬಂಕಿನ ಹತ್ತಿರವೇ ಇರುತ್ತದೆ, ರೊಟ್ಟಿ ಇಡಿಯಾಗಿ ಮನೆ ಸೇರುತ್ತದೆ. ಬಂಕಿನ ಟಿಕೆಟ್ ಅಗ್ಗ, ದ್ವೀಪದ ನಿವಾಸಿಗಳಿಗೆ ಇನ್ನೂ ಕಡಿಮೆ. ಶಾಲೆ ರಜೆಯಲ್ಲಿ ನಾಲ್ಕು ಜನ ವಿಮಾನ ಹತ್ತಿ ನೋಡಿ, ಆಗ ಗೊತ್ತಾಗುತ್ತದೆ.

ಸುಖ ಅಂತೇನೂ ಹೇಳುತ್ತಿಲ್ಲ. ಮೊದಲ ದಿನ ತಲೆ ತಿರುಗುತ್ತದೆ. ದಡ ಮರೆಯಾದ ಮೇಲೆ ಫೋನ್ ಸುಮ್ನೆ ಜೇಬಿನಲ್ಲಿ. ಊಟ ತಿನ್ನುವಂತಿದ್ದರೆ ಪುಣ್ಯ, ಇಲ್ಲದಿದ್ದರೆ ಗಂಟಿನಲ್ಲಿ ರೊಟ್ಟಿ ಇದ್ದೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಸಮುದ್ರ, ಚಿಕ್ಕ ಮಕ್ಕಳಿದ್ದರೆ ಬೇಡವೇ ಬೇಡ. ಜಾತ್ರೆ ಬರುವುದು ಹೋಳಿ ಹುಣ್ಣಿಮೆ ಆದ ಮೇಲೆ, ಆಗ ಕಡಲು ತಣ್ಣಗಿರುತ್ತದೆ.

ಇನ್ನು ಹಡಗು ಎರಡು ದಿನ ತಡವಾದರೆ? ಅದಕ್ಕೇ ರಜೆ ಅರ್ಜಿಯಲ್ಲಿ ಮೊದಲೇ ನಾಲ್ಕು ದಿನ ಜಾಸ್ತಿ ಬರೆಯುತ್ತೇನೆ. ಸಾಹೇಬರು ಗೊಣಗುತ್ತಾರೆ. ಒಂದು ಪೊಟ್ಟಣ ಶೇಂಗಾ ಹಿಂಡಿ ಅವರಿಗೂ ತೆಗೆದಿಡುತ್ತೇನೆ.