ಜಗ್ಲಿಂಗ್‌ನಿಂದ ಮಿದುಳು ಶಾಶ್ವತವಾಗಿ ಬೆಳೆಯುತ್ತದೆಯೇ? ಒಂದು ಸ್ಪಷ್ಟನೆ

'ಮೂರು ತಿಂಗಳು ಜಗ್ಲಿಂಗ್ ಮಾಡಿದರೆ ಮಿದುಳು ಶಾಶ್ವತವಾಗಿ ದೊಡ್ಡದಾಗುತ್ತದೆ, ಮಕ್ಕಳು ಜಾಣರಾಗುತ್ತಾರೆ. ಚೆಂಡುಗಳನ್ನು ವೃತ್ತಾಕಾರದಲ್ಲಿ ತಿರುಗಿಸಿದರೆ ಸಾಕು' ಎಂಬ ಸಂದೇಶ ವಿಜಯಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಜಗ್ಲಿಂಗ್ ಎಂದರೆ ಹಲವು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟ. ಈ ಸಂದೇಶದಲ್ಲಿ ಅರ್ಧ ನಿಜ, ಅರ್ಧ ಒಗ್ಗರಣೆ.

ನಿಜದ ಭಾಗ 2004ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಜರ್ಮನಿಯ ಅಧ್ಯಯನದ್ದು. ಅದರಲ್ಲಿದ್ದವರು ಬರೀ 24 ಮಂದಿ. ಅವರಲ್ಲಿ ಅರ್ಧದಷ್ಟು ಜನ ಮೂರು ಚೆಂಡಿನ ಆಟ ಕಲಿತರು. ಮೂರು ತಿಂಗಳ ನಂತರ ಅವರ ಮಿದುಳಿನಲ್ಲಿ ಚಲನೆಯನ್ನು ಗುರುತಿಸುವ ಭಾಗದ ಬೂದು ದ್ರವ್ಯ (ನರಕೋಶಗಳು ದಟ್ಟವಾಗಿರುವ ಅಂಗಾಂಶ) ಸುಮಾರು ಶೇ 3ರಷ್ಟು ಹೆಚ್ಚಿತ್ತು. ಸಂದೇಶ ನುಂಗಿದ್ದು ಮುಂದಿನ ಮಾತನ್ನು: ಆಟ ಬಿಟ್ಟ ಮೂರು ತಿಂಗಳಲ್ಲಿ ಆ ಹೆಚ್ಚಳ ಬಹುಮಟ್ಟಿಗೆ ಇಳಿದುಹೋಯಿತು. 'ಶಾಶ್ವತ' ಎಲ್ಲಿಂದ ಬಂತೋ! ಜಾಣತನವನ್ನಂತೂ ಅಲ್ಲಿ ಅಳೆದೇ ಇರಲಿಲ್ಲ.

ವೃತ್ತದ ಮಾತೂ ತಪ್ಪು. ಹೊಸಬರು ಕಲಿಯುವ ಕ್ರಮದಲ್ಲಿ ಚೆಂಡು ಒಂದು ಕೈಯಿಂದ ಇನ್ನೊಂದಕ್ಕೆ ಅಡ್ಡ ಹಾಯುತ್ತದೆ, ದಾರಿ ಮಲಗಿಸಿದ ಇಂಗ್ಲಿಷ್ 8ರಂತೆ ಕಾಣುತ್ತದೆ. ವೃತ್ತದ ಆಟ ಅದಕ್ಕಿಂತ ಕಷ್ಟ.

ನಮ್ಮ ಇಂಡಿ ತಾಲ್ಲೂಕಿನ ಲಿಂಬೆಹಣ್ಣು ಹಿಡಿದು ನಾನೂ ಆಡಿ ನೋಡಿದೆ. ಬಿದ್ದವು ಉರುಳಿ ಮಂಚದಡಿ ಸೇರುತ್ತವೆ. ಬಟ್ಟೆಯ ಪುಟ್ಟ ಚೀಲಕ್ಕೆ ಜೋಳ ತುಂಬಿ ಹೊಲಿದುಕೊಳ್ಳಿ, ಬಿದ್ದಲ್ಲೇ ಕೂಡುತ್ತವೆ. ಮೊದಲು ಒಂದು, ಆಮೇಲೆ ಎರಡು. ಮೊದಲನೆಯದು ಕಣ್ಣಿನೆತ್ತರಕ್ಕೆ ಏರಿ ಇಳಿಯಲು ತೊಡಗಿದಾಗ ಎರಡನೆಯದನ್ನು ಎಸೆಯಿರಿ.